ಪಾಲಿನ ಗಾಲಿ

ಗಾಡಿ ಒಂದು, ಪಾಲು ಮೂರು.
ಮಲಕಪ್ಪಂದು ಸ್ಟೇರಿಂಗು,
ಲಾಲಸಾಬಂದು ಆರ್‌ಟಿಓ ಆಫೀಸಿನ ಓಡಾಟ,
ನಂದು ರೊಟ್ಟಿ ಬಡಿದ ರೊಕ್ಕ.
ಶನಿವಾರ ರಾತ್ರಿ ಭೋಸರಿಯಿಂದ ಇಂಡಿಗೆ,
ರವಿವಾರ ರಾತ್ರಿ ಹೊಳ್ಳಿ ಭೋಸರಿಗೆ,
ಏಳು ಸೀಟಿನ ಹಳೇ ಇಕೋದಾಗ ಒಂಬತ್ತು ಮಂದಿ.

ಇಂದಾಪುರದ ಈಚಿಗೆ ಒಂದು ತಗ್ಗು
ಎರಡು ರಿಮ್ಮು ಸೊಟ್ಟ ಮಾಡಿತು.
ಉಳಿದೆರಡು ಮೊದಲ ತುಕ್ಕು.
"ಬಡಿಸಿದ್ರ ನೆಟ್ಟಗಾಗ್ತಾವ" ಅಂದೆ.
"ಅಕ್ಕಾ, ಗಿರಾಕಿ ಮೊದಲ ಗಾಲಿ ನೋಡ್ತಾರ" ಅಂದ ಮಲಕಪ್ಪ.
ನಾ ನೋಡಿಲ್ಲೇನು ಗಿರಾಕೀನ?
ಅವರು ಮೊದಲ ನೋಡೂದು
ಕಿಡಕಿ ಕಡೆ ಸೀಟು ಖಾಲಿ ಅದ ಏನಂತ.

ನಾನಾ ಪೇಠಿನ ಓಣ್ಯಾಗ ಮುರ್ತುಜಾಭಾಯಿ ಅಂಗಡಿ.
ನೆಲದಿಂದ ಮಾಳಿಗಿ ತನಕ ಗ್ವಾಡಿ ತುಂಬ ರಿಮ್ಮು:
ಒಂದು ಸೇವಂತಿಗಿ, ಒಂದು ಟೇಬಲ್ ಫ್ಯಾನು,
ಒಂದು ಥೇಟ್ ಚಕ್ಕಲಿ ಒತ್ತೂ ಬಿಲ್ಲಿ.
ಒಂದರಾಗ ನನ್ನ ಮಾರಿ
ಹನ್ನೊಂದು ತುಂಡಾಗಿ ಕಂಡಿತು.

"ಎಷ್ಟು ಬೋಲ್ಟು?" ಅಂದ ಭಾಯಿ, ಅದ ಮೊದಲನೇ ಮಾತು.
ಬಣ್ಣ ಅಲ್ಲ, ಬೆಲಿ ಅಲ್ಲ.
ಹುಡುಗಿ ತೋರಸೂಕಿಂತ ಮೊದಲ
ಬೆಡಗು ಕೇಳಿದಂಗ.
"ನಾಕು" ಅಂದ ಲಾಲಸಾಬ.
ಅರ್ಧ ಗ್ವಾಡಿ ಅಲ್ಲೇ ಬಾದಾತು.

ಉಳಿದ ಅರ್ಧದಾಗ ಜಗಳ.
ಮಲಕಪ್ಪಗ ಕರೇವ ಬೇಕು, ಅಂಚಿಗೆ ಕೆಂಪು ಗೆರಿ.
ಲಾಲಸಾಬಗ ಬೆಳ್ಳಿ ಬಣ್ಣದ್ದು, ಐದು ಎಸಳಿಂದು,
"ನನ್ನ ಮಗಳ ನಿಕಾಕ್ಕ ಇದ ಗಾಡಿ ಹೋಗಬೇಕಲ್ಲ!"
ಚಹಾ ಬಂತು, ತಣ್ಣಗಾತು. ಮತ್ತೊಂದು ಬಂತು.
ಒಬ್ಬರೂ ನನ್ನ ಕೇಳಲಿಲ್ಲ.

ನಾನು ಮೂಲ್ಯಾಗ ಕುಂತು
ಉಂಗುರದ ಬೆರಳಿಲೆ ಒಂದೊಂದ ರಿಮ್ಮು ಬಾರಿಸಿ ನೋಡತಿದ್ದೆ,
ಸಂತ್ಯಾಗ ಗಡಿಗಿ ಬಾರಿಸಿದಂಗ.
ಅಲಾಯಿನವು ಟಿಂಗ್ ಅಂದವು, ಜಂಬದ ದನಿ.
ಒಂದು ಮಾತ್ರ ಪಟ್ ಅಂದು ಸುಮ್ಮನಾತು.
ತಿರುವಿ ಹಾಕಿದೆ. ಹಿಂದ ಕೂದಲೆಳಿಯಷ್ಟು ಬಿರುಕು,
ಮ್ಯಾಲ ನಿನ್ನಿ ಹೊಡದ ಬಣ್ಣ.
ಭಾಯಿ ನನ್ನ ಕಡೆ ನೋಡಿದ,
ಮಾತಾಡದ ಅದನ್ನ ಒಳಗ ಒಯ್ದಿಟ್ಟ.
ಮೂರನೇ ಚಹಾ ನನಗ ಮೊದಲ ಬಂತು.

ಆಮ್ಯಾಲ ಅಂದೆ:
"ಗಾಡಿ ಎಡಕ್ಕ ನಿಂತವಗ ಬಲಗಡಿ ಗಾಲಿ ಕಾಣತಾವೇನು?
ಬಲಕ್ಕ ನಿಂತವಗ ಎಡಗಡಿವು?
ಎರಡೂ ಕಡಿ ಒಮ್ಮಿಗೆ ನೋಡಾಂವ ದೇವರೊಬ್ಬ,
ಆವ ಇಂಡಿಗೆ ನಮ್ಮ ಗಾಡ್ಯಾಗ ಬರೂದಿಲ್ಲ.
ಎಡಕ್ಕ ಕರೇವು ಹಾಕ್ರಿ, ಬಲಕ್ಕ ಬಿಳೇವು.
ಸೈಜು ಒಂದ ಇದ್ರ ಸಾಕು."
ಭಾಯಿ ನಕ್ಕ ನಕ್ಕ ಲೆಕ್ಕ ತಪ್ಪಿ
ಇನ್ನೂರು ಕಡಿಮಿ ಬರದ.
ನಾ ಬಾಯಿ ಬಿಡಲಿಲ್ಲ.

"ಮತ್ತ ನಿಂದು ಯಾವುದಕ್ಕಾ?"
ಲಾಲಸಾಬಗ ಈಗ ನೆನಪಾತು.
ಸೊಟ್ಟ ಆಗಿದ್ದರಾಗ ಒಂದನ್ನ
ಎದುರಿನ ಡೆಂಟಿಂಗಿನ ಹುಡುಗ ಬಡಿದು ನೆಟ್ಟಗ ಮಾಡಿಕೊಟ್ಟ,
ನೂರೈವತ್ತಕ್ಕ.
ಬರೇ ಕಬ್ಬಿಣ. ಬಗ್ಗಿತ್ತು, ಬಡಿದರ ಹೊಳ್ಳಿ ಬಂತು.
ಅದ ಸ್ಟೆಪ್ನಿ.
ಹಿಂದಿನ ಸೀಟಿನ ಹಿಂದ, ಜ್ವಾಳದ ಹಿಟ್ಟಿನ ಚೀಲದ ಬುಡಕ.

ಪೂಜಿಗೆ ನಾಕು ಗಾಲಿಗೆ ನಾಕು ನಿಂಬಿಹಣ್ಣು ಇಟ್ಟರು.
"ಐದನೇದಕ್ಕ?" ಅಂದೆ.
"ಅದಕ ನೀನ ಇದ್ದಿಯಲ್ಲ, ನಿಂಬೆವ್ವಾ" ಅಂದ ಮಲಕಪ್ಪ.
ಮಂದಿ ನಕ್ಕರು. ನಾನೂ ನಕ್ಕೆ.
ಗಾಡಿ ಮುಂದ ಸರೀತು, ನಾಕೂ ಪಚ್ ಅಂದವು.

ಭಾದ್ರಪದದ ಅಮಾಸಿ ರಾತ್ರಿ, ಟೆಂಭುರ್ಣಿ ದಾಟಿ,
ಎಡಕ್ಕ ಮುಂದಿನದು ಒಡೀತು,
ಕೆಂಪು ಗೆರಿ ಸಮೇತ.
ಮಂದಿ ಇಳದು ಕಬ್ಬಿನ ಬದಿಗೆ ನಿಂತರು.
ಯಾರದೋ ಕೂಸು ಅಳತಿತ್ತು.
ಮೊಬೈಲಿನ ಬೆಳಕಿನ್ಯಾಗ ಚೀಲ ಸರಿಸಿ
ಮಲಕಪ್ಪ ನನ್ನದನ್ನ ಹೊರಗ ತಗದ.
ಮೈತುಂಬ ಬಿಳಿ ಹಿಟ್ಟು.
ಝಾಡಿಸಲಿಲ್ಲ. ನಾಕು ಬೋಲ್ಟು ಬಿಗದ,
ಒಂದ ಮಾತೂ ಆಡಲಿಲ್ಲ.
ಸೊಲ್ಲಾಪುರ ಬರೂತನ ನಾ ಕಿವಿ ಕೆಳಗ ಇಟ್ಟ ಕುಂತಿದ್ದೆ.
ದನಿ ಸರಿ ಇತ್ತು.

ಆವತ್ತಿನಿಂದ ಅದು ಅಲ್ಲೇ ಅದ.
ಈ ವಾರ ತಗಸೂಣು, ಮುಂದಿನ ವಾರ ತಗಸೂಣು ಅಂತಾನ.
ಎಡಗಡಿ ಹಿಂದ ಒಂದು ಕರೇದು ಮಿಂಚತದ,
ಮುಂದ ಒಂದು ಸುತ್ತಿಗಿ ಪೆಟ್ಟಿಂದು.
ಬಲಕ್ಕ ನಿಂತವರಿಗೆ
ಇನ್ನೂ ಗೊತ್ತಿಲ್ಲ.